ಎರಡು ಸುತ್ತು ದಾರ

ಮುಂಗಾಲ ಹೆಜ್ಜೆಯ ಸುತ್ತಳತೆ ಎರಡು ಸಲ ತೆಗೆದರೆ
ಆನೆಯ ಹೆಗಲಿನ ಎತ್ತರ.
ತರಬೇತಿಯಲ್ಲಿ ಹೇಳಿದ್ದರು, ನಂಬಿರಲಿಲ್ಲ.
ಕೊಟ್ಟ ಟೇಪು ಮೊದಲ ವರ್ಷವೇ ಹಿನ್ನೀರಿಗೆ ಬಿತ್ತು.
ಅಲ್ಲಿಂದ ಗೋಣಿ ಹೊಲಿಯುವ ದಾರ.

ದೀಪಾವಳಿಯ ಹಣತೆ ಎತ್ತಿಟ್ಟ ಎಂಟು ದಿನಕ್ಕೆ
ದಾಂಡೇಲಿ ಕಡೆಯಿಂದ ಇಳಿಯುತ್ತವೆ,
ಯಲ್ಲಾಪುರ ದಾಟಿ, ಮುಂಡಗೋಡ ದಾಟಿ
ಶಿರಸಿ ಸೀಮೆಯ ಈ ಮೂಡಣ ಅಂಚಿಗೆ,
ಭತ್ತದ ಹಾಲು ಗಟ್ಟಿಯಾಗುವ ವಾಸನೆ ಹಿಡಿದು.

ದಿನಗೂಲಿಯ ಆರು ವರ್ಷದಲ್ಲಿ
ಕಣ್ಣಾರೆ ಕಂಡದ್ದು ಮೂರೇ ಬಾರಿ,
ಅದರಲ್ಲೊಂದು ಬರೀ ಬಾಲ.
ಉಳಿದದ್ದೆಲ್ಲ ಹೆಜ್ಜೆ, ಲದ್ದಿ,
ಸಿಗಿದು ಬಿಟ್ಟ ಬೈನೆಯ ನಾರು,
ಮತ್ತಿಮರಕ್ಕೆ, ನನ್ನ ತಲೆಗಿಂತ ಮೂರು ಮೊಳ ಮೇಲೆ,
ಉಜ್ಜಿ ಒಣಗಿದ ಕೆಸರು.
ನಾನು ಆನೆಯನ್ನು ನೆಲದಿಂದ ಮೇಲಕ್ಕೆ ಬಲ್ಲೆ.
ಮೊಣಕಾಲಿನ ಮೇಲೆ ಎಲ್ಲ ಊಹೆ.

ದೋಂಡು ಗೌಳಿ ಮಾತ್ರ ಮುಖ ಕಂಡವನು.
ಎಡ ಹಿಂಗಾಲ ಅಂಗಾಲಿನಲ್ಲಿ ಸೀಳಿರುವವಳನ್ನು
ಆಜಿ ಅನ್ನುತ್ತಾನೆ.
‘ಅವಳು ಬಂದ ರಾತ್ರಿ ನಮ್ಮ ನಾಯಿ ಬೊಗಳೋದಿಲ್ಲ ಸಾಯ್ಬ,
ಎಮ್ಮೆಗಳೂ ಮೆಲುಕು ನಿಲ್ಲಿಸ್ತಾವ.’

ರತ್ನವ್ವನ ಗದ್ದೆಯಲ್ಲಿ ದಾರ ಸುತ್ತುತ್ತ ಕೂತಾಗ
ಅವಳು ಬದುವಿನ ಮೇಲೆ ನಿಂತಿದ್ದಳು, ಕೈಯಲ್ಲಿ ಕುಡುಗೋಲು.
‘ಅದರ ಕಾಲು ಅಳೀತೀಯಲ್ಲ, ನನ್ನ ಗದ್ದಿ ಅಳಿ.
ಗಣಪಗ ಕೊಟ್ಟೆ ಅಂತ ತಿಳಕೋ ಅನಬ್ಯಾಡ ಮತ್ತ,
ಗಣಪ ಹಿಂಗ ತುಳಿಯಂಗಿಲ್ಲ.’
ಅಳೆದೆ.
ತಿಂದದ್ದು ಕಡಿಮೆ, ತುಳಿದದ್ದು ಹೆಚ್ಚು.
ಇದ್ದದ್ದು ಇದ್ದ ಹಾಗೆ, ಹದಿನಾರು ಗುಂಟೆ ಅಂತ ಬರೆದೆ.
ಮೇಲಿನವರು ಹನ್ನೊಂದು ಮಾಡಿದರು.

ಆ ತಿಂಗಳೇ ಕಂದಕದ ಹಣ ಮಂಜೂರಾಯಿತು.
ಜೆಸಿಬಿ ಬಂದು ಕಾಡಿನ ಅಂಚಿಗೆ ತೋಡಿತು,
ಆಳು ಮುಳುಗುವ ಆಳ, ಹಾರಲಾಗದ ಅಗಲ.
ಆನೆಗಳು ಆಗ ಇತ್ತ, ಊರ ಕಡೆ ಇದ್ದವು.
ಬರಬಾರದೆಂದು ತೋಡಿದ್ದು
ಹೋಗಬಾರದೆಂದು ಆಯಿತು.
ಯಾರಿಗೆ ಹೇಳಲಿ? ಹೇಳಿದೆ.
ಕಾಗದದಲ್ಲಿ ಕೊಡು ಅಂದರು. ಕೊಟ್ಟೆ.

ಪುಷ್ಯದ ಒಂದು ಬೆಳಗ್ಗೆ, ಇಬ್ಬನಿ ಇನ್ನೂ ಹಾರಿರಲಿಲ್ಲ,
ಹೊಸ ಮಣ್ಣಿನ ಮೇಲೆ ಓದಲು ಸಿಕ್ಕಿತು:
ಆಜಿ ಬಂದು ನಿಂತಿದ್ದಾಳೆ. ಬಹಳ ಹೊತ್ತು.
ಹೆಜ್ಜೆಯ ಮೇಲೆ ಹೆಜ್ಜೆ, ನಿಂತಲ್ಲೇ ತಿರುಗಿದ ಹೆಜ್ಜೆ.
ಹಿಂದೆ ಉಳಿದವರು ಕಾದಿದ್ದಾರೆ,
ಕಾದಷ್ಟೂ ಲದ್ದಿ.
ಆಮೇಲೆ ಮುಂಗಾಲಿನಿಂದ ದಂಡೆಯನ್ನು
ಒದ್ದು, ಒದ್ದು, ಒದ್ದು
ಮಣ್ಣು ಒಳಗೆ ಸುರಿದಿದ್ದಾಳೆ.
ಇಳಿಜಾರು. ಆಚೆಯ ದಂಡೆಗೂ ಅದೇ.
ನಡುವೆ, ದೊಡ್ಡ ಹೆಜ್ಜೆಗಳ ಸಂದಿಯಲ್ಲಿ,
ಒಂದು ಪುಟ್ಟ ಹೊಟ್ಟೆ ಜಾರಿದ ನುಣುಪು ಗೆರೆ.

ದೋಂಡು ಪಾದುಕೆ ಬಿಟ್ಟು ಅಲ್ಲೇ ಕೂತ.
ನಾನು ದಾರ ತೆಗೆದೆ.

ಮಧ್ಯಾಹ್ನ ಪುಸ್ತಕ ಬಂತು.
‘ಕಂದಕ ಹಾಳಾದ ಕಾರಣ’ ಎಂಬ ಕಾಲಂ.
ಆನೆ ಎಂದು ಬರೆದರೆ
ನಾಳೆಯೇ ಅಲ್ಲಿ ಇನ್ನೂ ಆಳ, ತಂತಿ, ಕರೆಂಟು.
ನಲವತ್ತು ದಿನದಿಂದ ಹನಿ ಬಿದ್ದಿರಲಿಲ್ಲ.
‘ಮಳೆಗೆ ಕುಸಿದಿದೆ’ ಎಂದು ಬರೆದೆ.
ರೇಂಜರ್ ಸಾಹೇಬರು ಓದಿದರು,
ಕಿಟಕಿಯಿಂದ ಒಮ್ಮೆ ಆಕಾಶ ನೋಡಿದರು,
ಸಹಿ ಹಾಕಿದರು.

ಸಂಜೆ ದಾರವನ್ನು ಎರಡು ಸುತ್ತಿನಷ್ಟು ಬಿಚ್ಚಿ
ನನಗೇ ಹಿಡಿದು ನೋಡಿದೆ.
ಸೊಂಟಕ್ಕೆ ಬಂತು.

ರತ್ನವ್ವ ಬಣವಿ ಒಟ್ಟುತ್ತಿದ್ದಳು.
ತಿರುಗಿ ನೋಡದೆ ಕೇಳಿದಳು, ‘ಸಣ್ಣದೂ ದಾಟಿತೇನು?’
ದಾಟಿತು ಅಂದೆ.
ಒಂದು ಹೊರೆ ಹುಲ್ಲು ಮೇಲಕ್ಕೆಸೆದು,
‘ಹಂಗಾರ ಬರೂ ವರ್ಷ ಅದೂ ತಿನ್ನಾಕ ಬರ್ತದ’ ಅಂದಳು.